ತಿಂದ ಮೇಲೆ ಹೇಳು

“ಮೊಟ್ಟೆ ಇದೆಯಾ ಕೇಳು,” ಎಂದು ವೈದೇಹಿ ಗಾಜಿನ ಪೆಟ್ಟಿಗೆಯೊಳಗಿನ ದಾಲ್ಚಿನ್ನಿ ಬನ್ನುಗಳ ಕಡೆ ಬೆರಳು ತೋರಿಸಿದರು. “ಮೇಲೆ ಪಳಪಳ ಅಂತಿದೆ ನೋಡು. ಏನೋ ಸವರಿದಾರೆ.”

ಚಿನ್ಮಯಿ ಸ್ವೀಡಿಷ್‌ನಲ್ಲಿ ಕೇಳಿದಳು. ಕೌಂಟರಿನ ಹುಡುಗಿ ನಗುನಗುತ್ತಲೇ ಹೌದೆಂದಳು. ಇಲ್ಲವಂತೆ ಅಂತ ಸುಳ್ಳು ಹೇಳಿಬಿಡಲೇ ಅನ್ನಿಸಿತು ಚಿನ್ಮಯಿಗೆ. ಅರವತ್ತೆರಡು ವರ್ಷ ಮೊಟ್ಟೆ ಮುಟ್ಟದ ತಾಯಿಗೆ, ಅದೂ ಇವತ್ತು! ನಾಲಿಗೆ ಏಳಲಿಲ್ಲ.

“ಇದೆಯಂತೆ ಅಮ್ಮ. ಬೇರೆ ಕಡೆ ನೋಡೋಣ.”

“ಅದಕ್ಯಾಕೆ ಮುಖ ಸಣ್ಣ ಮಾಡ್ಕೋತೀಯ? ನಂಗೇನು ಹಸಿವಿಲ್ಲ. ಮೊದ್ಲು ಅರಮನೆ ನೋಡೋಣ ಬಾ.”

ಹಸಿವಿಲ್ಲವಂತೆ! ಹೋಟೆಲಿನಲ್ಲಿ ತಿಂಡಿಗೆ ಕೂತವರು ಪಕ್ಕದ ಮೇಜಿನ ಮಾಂಸದ ವಾಸನೆಗೆ ಸೆರಗು ಮೂಗಿಗೆ ಹಿಡಿದು, ಎರಡು ಹೋಳು ಸೇಬು ತಿಂದು ಎದ್ದುಬಂದಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ತಪ್ಪದೆ ನುಂಗಿದ್ದರು.

ಆದರ್ಶನ ಫೋನ್ ಬಂದದ್ದು ಎಂಟು ಗಂಟೆಗೆ, ವೈದೇಹಿ ಸ್ನಾನಕ್ಕೆ ಹೋಗಿದ್ದಾಗ. ಆದರ್ಶ ವೈದೇಹಿಯ ಅಕ್ಕನ ಮಗ, ತುಮಕೂರಿನಲ್ಲಿದ್ದಾನೆ. “ಅಮ್ಮ ಹೋಗ್ಬಿಟ್ರು ಚಿನ್ನೂ,” ಎಂದ. “ಕಾಫಿ ಕುಡಿದು ಪೇಪರ್ ಓದ್ತಾ ಕೂತಿದ್ರು. ಹಾಗೇ ವಾಲ್ಕೊಂಡ್ರು.” ಅತ್ತ. ಆಮೇಲೆ ಮೂಗೊರೆಸಿಕೊಂಡು, ನಮ್ಮ ಮನೆಗಳಲ್ಲಿ ಎಲ್ಲರೂ ಹೇಳುವ ಮಾತನ್ನೇ ಅವನೂ ಹೇಳಿದ. “ಚಿಕ್ಕಮ್ಮಂಗೆ ಈಗ್ಲೇ ಹೇಳ್ಬೇಡ. ಏನಾದ್ರೂ ತಿನ್ಸಿ, ತಿಂದ ಮೇಲೆ ಹೇಳು. ಗೊತ್ತಾದ್ರೆ ಒಂದು ತೊಟ್ಟು ನೀರೂ ಇಳಿಯಲ್ಲ ಅವ್ರಿಗೆ. ನಾಲ್ಕು ಗಂಟೆಗೆ ಎತ್ತೋದು. ಅಷ್ಟರೊಳಗೆ ವಿಡಿಯೋ ಕಾಲ್ ಮಾಡಿ ಮುಖ ತೋರಿಸ್ಬಿಡು.”

ಊರಿನ ನಾಲ್ಕು ಅಂದರೆ ಇಲ್ಲಿ ಹನ್ನೆರಡೂವರೆ. ಊರಿನ ಹೊತ್ತಿನಿಂದ ಮೂರೂವರೆ ಗಂಟೆ ಕಳೆದರಾಯಿತು. ಸ್ವೀಡನ್ನಿನ ಉಮೆಯೊ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದ ಏಪ್ರಿಲಿನಿಂದ ಅಮ್ಮನಿಗೆ ಫೋನ್ ಮಾಡುವ ಮುಂಚೆ ದಿನಾ ಮಾಡಿದ ಲೆಕ್ಕ ಅದು. ಬೇಕಾದಷ್ಟು ಹೊತ್ತಿದೆ ಅಂದುಕೊಂಡಳು ಚಿನ್ಮಯಿ. ಆದರ್ಶ ಮತ್ತೆ ಮತ್ತೆ ಫೋನ್ ಮಾಡಿದರೆ ಅಮ್ಮನಿಗೆ ಅನುಮಾನ ಬರುತ್ತದೆಂದು ಸದ್ದು ಅಡಗಿಸಿ ಫೋನನ್ನು ಬ್ಯಾಗಿನ ತಳಕ್ಕೆ ಹಾಕಿದಳು. ವೈದೇಹಿಯ ಫೋನಿಗಂತೂ ಹೋಟೆಲಿನ ವೈಫೈ ದಾಟಿದರೆ ಕಾಲ್ ಬರುತ್ತಿರಲಿಲ್ಲ, ಅದು ಫೋಟೋ ತೆಗೆಯಲಿಕ್ಕೆ ಮಾತ್ರ.

ಸ್ಟಾಕ್‌ಹೋಮಿನ ಹಳೇ ಪೇಟೆಯ ಆಕಾಶ ಬೆಳಗ್ಗಿನಿಂದ ಬೂದಿ ಬಣ್ಣಕ್ಕೆ ತಿರುಗಿ ಕೂತಿತ್ತು. ಕಲ್ಲು ಹಾಸಿದ ಓಣಿಗಳಲ್ಲಿ ವೈದೇಹಿ ಮಗಳ ತೋಳು ಹಿಡಿದು ಹೆಜ್ಜೆ ಹೆಜ್ಜೆಗೂ ನಿಂತರು. ಅರಮನೆಯ ಮುಂದೆ ನೀಲಿ ಸಮವಸ್ತ್ರದ ಕಾವಲುಗಾರ ಗೊಂಬೆಯಂತೆ ನಿಂತಿದ್ದ.

“ಕಣ್ಣೇ ಮಿಟುಕಿಸಲ್ವಲ್ಲೇ ಇವ್ನು! ತೆಗಿ ತೆಗಿ, ಅಕ್ಕಂಗೆ ತೋರಿಸ್ಬೇಕು. ನಾನು ಬರೋವಾಗ್ಲೇ ಹೇಳಿದಾಳೆ, ನೀನು ನೋಡಿದ್ದೆಲ್ಲ ನಂಗೂ ತೋರಿಸು ಅಂತ.”

ಚಿನ್ಮಯಿ ತೆಗೆದಳು. ಎರಡು ಸಲ ಮಸುಕಾಯಿತು. ತಾಯಿ ಸತ್ತಾಗ ವೈದೇಹಿಗೆ ನಾಲ್ಕು ವರ್ಷ. ಜಡೆ ಹೆಣೆದದ್ದು, ಶಾಲೆಗೆ ಕೈಹಿಡಿದು ಕರೆದೊಯ್ದದ್ದು, ಎರಡೂ ಬಾಣಂತನ ಮಾಡಿದ್ದು, ಎಲ್ಲ ಆ ಅಕ್ಕನೇ. ಹೊಟ್ಟೆಯೊಳಗೆ ಇಂಥ ಸುದ್ದಿ ಇಟ್ಟುಕೊಂಡು ‘ಅಮ್ಮ, ಸ್ವಲ್ಪ ನಗು’ ಅನ್ನುವುದಿದೆಯಲ್ಲ, ಆ ಸಂಕಟ ಶತ್ರುವಿಗೂ ಬೇಡ.

ಎರಡನೆಯ ಕಡೆ ಸೂಪು ಸಿಕ್ಕಿತು, ಅದಕ್ಕೆ ಮೀನು ಹಾಕಿದ್ದರು. ಮೂರನೆಯದು ನೆಲಮಾಳಿಗೆಯ ಸಣ್ಣ ಕಾಫಿ ಅಂಗಡಿ. ಮೊಟ್ಟೆ ಹಾಲು ಯಾವುದೂ ಇಲ್ಲದ ಬನ್ನು ಅಲ್ಲಿತ್ತು. ಆದರೆ ಭಾನುವಾರವಲ್ಲವೇ, ಫೀಕಾ ಎಂಬ ಇಲ್ಲಿಯವರ ಕಾಫಿ-ತಿಂಡಿಗೆ ಬಂದವರ ಸಾಲು ಬಾಗಿಲಾಚೆ ಮೆಟ್ಟಿಲವರೆಗೂ ಇತ್ತು. ಚಿನ್ಮಯಿ ಚರ್ಚಿನ ಗಡಿಯಾರ ನೋಡಿದಳು. ಹನ್ನೊಂದೂಕಾಲು. ಇನ್ನೂ ಒಂದೂಕಾಲು ಗಂಟೆ ಇದೆ. ನಿಂತರು.

“ಏಲಕ್ಕಿ ಹಾಕಿದಾರೆ ಕಣೆ!” ಕೂತು ಮೊದಲ ತುಂಡು ಬಾಯಿಗಿಟ್ಟ ವೈದೇಹಿಯ ಕಣ್ಣು ಅರಳಿತು. “ಎಷ್ಟು ಚೆನ್ನಾಗಿದೆ. ನೀನೂ ತಿನ್ನು.”

“ಪೂರ್ತಿ ನೀನೇ ತಿನ್ನಮ್ಮ.”

ವೈದೇಹಿ ನಿಧಾನವಾಗಿ, ಒಂದೊಂದೇ ಸುರುಳಿ ಬಿಚ್ಚಿ ತಿಂದರು. ಕಾಫಿ ಕುಡಿದರು. ಇನ್ನೊಂದು ಹೇಳಲಾ ಎಂದರೆ ಸಾಕೆಂದರು. ತಟ್ಟೆ ಖಾಲಿಯಾದಾಗ ಚಿನ್ಮಯಿಗೆ ಅರ್ಧ ಭಾರ ಇಳಿದಂತಾಯಿತು. ಗೋಡೆ ಗಡಿಯಾರದಲ್ಲಿ ಹನ್ನೆರಡು. ತಾಯಿಯ ಎರಡೂ ಕೈ ಹಿಡಿದುಕೊಂಡಳು.

“ಅಮ್ಮ, ದೊಡ್ಡಮ್ಮ ಹೋಗ್ಬಿಟ್ರು. ಬೆಳಗ್ಗೆ ಆದರ್ಶಣ್ಣ ಫೋನ್ ಮಾಡಿದ್ದ.”

ವೈದೇಹಿ ಅಳಲಿಲ್ಲ. ಕೈ ಬಿಡಿಸಿಕೊಂಡರು. “ಮುಖ ತೋರ್ಸು. ಬೇಗ ತೋರ್ಸೇ.”

“ತೋರಿಸ್ತೀನಮ್ಮ, ಇನ್ನೂ ಅರ್ಧ ಗಂಟೆ ಇದೆ,” ಎನ್ನುತ್ತಾ ಚಿನ್ಮಯಿ ಬ್ಯಾಗಿನ ತಳದಿಂದ ಫೋನ್ ತೆಗೆದಳು. ಆದರ್ಶನ ಹನ್ನೊಂದು ಕಾಲ್ ಬಂದುಹೋಗಿದ್ದವು. ವಾಪಸು ಮಾಡಿದರೆ ತೆರೆಯ ಮೇಲೆ ಕಂಡದ್ದು ಅವನ ಹೆಂಡತಿ ಸಿಂಧೂರ. ಕೂದಲು ಒದ್ದೆ, ಕಣ್ಣು ಊದಿತ್ತು.

“ಈಗ್ಲಾ ಚಿನ್ಮಯಿ ಮಾಡೋದು? ಎತ್ತಿ ಇಪ್ಪತ್ತು ನಿಮಿಷ ಆಯ್ತು. ಚಿಕ್ಕಮ್ಮ ನೋಡ್ಬೇಕು ಅಂತ ನಾಲ್ಕೂ ಹತ್ತರವರೆಗೂ ಕಾದ್ವಿ.”

“ಇನ್ನೂ ನಾಲ್ಕಾಗಿಲ್ವಲ್ಲ! ಇಲ್ಲಿ ಈಗ ಹನ್ನೆರಡು.”

“ಇಲ್ಲಿ ನಾಲ್ಕೂವರೆ.”

ಅಕ್ಟೋಬರಿನ ಕೊನೆಯ ಭಾನುವಾರ. ರಾತ್ರಿ ಇಡೀ ದೇಶದ ಗಡಿಯಾರಗಳು ಚಳಿಗಾಲಕ್ಕೆಂದು ಒಂದು ಗಂಟೆ ಹಿಂದೆ ಸರಿದಿದ್ದವು. ಒಂದು ಗಂಟೆ ನಿದ್ದೆ ಲಾಭ ಎಂದು ವಿಭಾಗದಲ್ಲಿ ವಾರವಿಡೀ ತಮಾಷೆ ನಡೆದಿತ್ತು, ಚಿನ್ಮಯಿಯೂ ನಕ್ಕಿದ್ದಳು. ಚರ್ಚಿನ ಗಡಿಯಾರ, ಗೋಡೆಯದು, ಫೋನಿನದು, ಎಲ್ಲ ಸರಿಯಾಗಿಯೇ ಬದಲಾಗಿದ್ದವು. ಅವಳ ತಲೆಯೊಳಗಿನ ಮೂರೂವರೆ ಮಾತ್ರ ನಾಲ್ಕೂವರೆ ಆಗಿರಲಿಲ್ಲ.

“ಜೊತೆಗೆ ಹೋದೋರಿಗೆ ಫೋನ್ ಮಾಡಿ ದಾರೀಲಿ ನಿಲ್ಲಿಸ್ಲಾ ಚಿಕ್ಕಮ್ಮ?” ಎಂದಳು ಸಿಂಧೂರ.

“ಬೇಡಮ್ಮ. ಮುಖ ಮುಚ್ಚಿ ಕಟ್ಟಿರ್ತಾರೆ. ಬಿಚ್ಚಿಸ್ಬಾರ್ದು.” ವೈದೇಹಿ ಮಗಳ ಕಡೆ ತಿರುಗಿದರು. “ಎತ್ತೋ ಹೊತ್ತಲ್ಲಿ ನಾನೇನ್ ಮಾಡ್ತಿದ್ದೆ?”

ಚಿನ್ಮಯಿ ಖಾಲಿ ತಟ್ಟೆ ನೋಡಿದಳು. “ತಿಂತಿದ್ದೆ ಅಮ್ಮ.”

ವೈದೇಹಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತುಟಿಯ ಮೇಲಿದ್ದ ಸಕ್ಕರೆಯನ್ನು ಸೆರಗಿನಿಂದ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು, ತುಟಿ ಕೆಂಪಾಗುವವರೆಗೆ ಒರೆಸಿಕೊಂಡರು.

“ತಪ್ಪಾಯ್ತಮ್ಮ,” ಎಂದು ಚಿನ್ಮಯಿ ಅಳತೊಡಗಿದಳು. ಪಕ್ಕದ ಮೇಜಿನವರು ತಿರುಗಿ ನೋಡಿ, ಮರ್ಯಾದೆಗೆ ಮುಖ ಆಚೆ ಮಾಡಿಕೊಂಡರು.

“ಎಲ್ಲಿ ಮಲಗಿಸಿದ್ರಿ ಸಿಂಧೂರ?”

“ನಡುಮನೇಲಿ ಚಿಕ್ಕಮ್ಮ. ಈಗ ತಾನೇ ತೊಳೆದ್ವಿ.”

“ಆ ಜಾಗ ತೋರ್ಸು.”

ತೆರೆ ಅಲುಗಿತು. ಯಾರದೋ ಕಾಲು, ಬಕೆಟ್ಟು, ಪೊರಕೆ. ಆಮೇಲೆ ಕೆಂಪು ಗಾರೆಯ ನೆಲ, ಇನ್ನೂ ಒದ್ದೆ. ತಲೆಯಿದ್ದ ಕಡೆ ಒಂದು ದೀಪ. ಹಿಂದಿನಿಂದ ಯಾರೋ ಫ್ಯಾನ್ ಹಾಕಿ ಅಂದದ್ದು ಕೇಳಿಸಿತು.

“ಫ್ಯಾನ್ ಬೇಡ,” ಎಂದರು ವೈದೇಹಿ. “ತಾನಾಗೇ ಆರ್ಲಿ. ನೀನು ಫೋನು ಎಲ್ಲಾದ್ರೂ ಒರಗಿಸಿಟ್ಟು ಹೋಗಮ್ಮ, ನಿಂಗೆ ಕೆಲ್ಸ ಇರತ್ತೆ.”

ಸಿಂಧೂರ ಫೋನನ್ನು ಚೊಂಬಿಗೆ ಒರಗಿಸಿಟ್ಟು ಹೋದಳು. ಅಂಗಡಿಯ ಹುಡುಗಿ ಬಂದು ಖಾಲಿ ತಟ್ಟೆ ಎತ್ತಿಕೊಂಡು, ಇನ್ನೇನಾದರೂ ಬೇಕೇ ಎಂದು ಕೇಳಿದಳು. ಚಿನ್ಮಯಿ ಬೇಡವೆಂದು ತಲೆಯಾಡಿಸಿದಳು. ನೆಲ ಅಂಚಿನಿಂದ ಆರುತ್ತಾ ಬಂತು. ವೈದೇಹಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದರು. ದೀಪದ ಪಕ್ಕದಲ್ಲಿ ಅಂಗೈಯಗಲ ಇನ್ನೂ ಒದ್ದೆಯಿತ್ತು.