ಹಸಿರು ಡಬ್ಬಿಯ ಪೌಡರು

ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷಗಳಿಂದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಆಕೆಯನ್ನು ಎಲ್ಲರೂ ಬೈಂಡರಮ್ಮ ಎಂದೇ ಕರೆಯುತ್ತಿದ್ದರು. ಆ ದಿನ ಪಾರ್ಸಲ್ ಬಂದಾಗ ಅವಳು ಅಂಟು ಮೆತ್ತಿದ ಕೈಗಳನ್ನು ಎರಡೆರಡು ಸಲ ಸೋಪು ಹಾಕಿ ತೊಳೆದುಕೊಂಡು ಆಮೇಲೆ ಬಿಚ್ಚಿದಳು. ಒಳಗೆ ಹಸಿರು ತಗಡಿನ ಡಬ್ಬಿ. ತೀರಿಕೊಂಡ ಅಮ್ಮ ದಿನಾ ಹಚ್ಚಿಕೊಳ್ಳುತ್ತಿದ್ದ ಪೌಡರು. ಅದನ್ನು ಮಾಡುವ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಯಾರೋ ಮತ್ತೆ ಶುರು ಮಾಡಿದ್ದಾರೆಂದು ಫೋನಿನಲ್ಲಿ ಕಂಡದ್ದೇ ತಡ, ಹಿಂದೆಮುಂದೆ ನೋಡದೆ ತರಿಸಿದ್ದಳು. ‘ಅದೇ ಹಳೆಯ ಪರಿಮಳ’ ಎಂದು ಬರೆದಿತ್ತು.

ಸೀಲು ಕಿತ್ತು ಮೂಸಿದಳು. ಮುಖ ಬಾಡಿಹೋಯಿತು. ಇದು ಯಾವುದೋ ಹೂವಿನ ಘಾಟು. ಅಮ್ಮನ ಕುತ್ತಿಗೆಗೆ ಮುಖ ಹುದುಗಿಸಿದಾಗ ಬರುತ್ತಿದ್ದುದು ತೆಳ್ಳಗಿನ, ಬಿಸಿಲಿಗೆ ಒಣಗಿದ ಬಟ್ಟೆಯಂಥ ವಾಸನೆ.

ವಾಪಸು ಕಳಿಸೋಣವೆಂದರೆ ಕಾರಣಗಳ ಪಟ್ಟಿಯಲ್ಲಿ ಒಡೆದಿದೆ, ಬಣ್ಣ ಬೇರೆ, ಅಳತೆ ತಪ್ಪು, ಎಲ್ಲ ಇತ್ತು, ವಾಸನೆಯೊಂದೇ ಇರಲಿಲ್ಲ. ‘ಬೇರೆ ವಸ್ತು ಬಂದಿದೆ’ ಎಂದು ಒತ್ತಿದಳು. ಫೋಟೋ ಕೇಳಿದರು, ಕಳಿಸಿದಳು. ಡಬ್ಬಿ ಸರಿಯಾಗಿಯೇ ಇದೆ, ಆಗುವುದಿಲ್ಲ ಎಂದು ಉತ್ತರ ಬಂತು. ಮತ್ತೆ ಅರ್ಜಿ ಹಾಕಿ ನಾಲ್ಕು ದಿನ ಬಿಡದೆ ಬೆನ್ನು ಹತ್ತಿದ ಮೇಲೆ ಮಾರಾಟಗಾರ ಫೋನಿಗೆ ಸಿಕ್ಕಿದ.

“ಮೇಡಂ, ಸೀಲ್ ಕಿತ್ತಿದೀರ. ವಾಪಸ್ ತಗೊಳ್ಳಲ್ಲ.”

“ಕೀಳದೆ ಮೂಸೋದು ಹೇಗಪ್ಪಾ?”

“ಫೋಟೋದಲ್ಲಿ ಏನೂ ತೊಂದ್ರೆ ಕಾಣ್ತಿಲ್ಲವಲ್ಲ.”

“ವಾಸನೆಗೆ ಫೋಟೋ ಎಲ್ಲಿಂದ ತೆಗೀಲಿ ನಾನು?”

“ನೋಡಿ, ನಿಮಗೊಬ್ಬರಿಗೆ ಹಾಗನ್ನಿಸಿದ್ರೆ ನಾವೇನು ಮಾಡೋಕಾಗತ್ತೆ? ಹಳೇದು ಗೊತ್ತಿರೋರು ಇನ್ಯಾರಾದ್ರೂ ಹೇಳಲಿ,” ಎಂದು ಫೋನಿಟ್ಟುಬಿಟ್ಟ.

ಆ ಮಾತು ಅವಳಿಗೆ ನಾಟಿತು. ಹಳೆಯದು ಗೊತ್ತಿರುವವರು ಲೋಕದಲ್ಲಿ ಇನ್ನೊಬ್ಬರೇ: ಹತ್ತು ವರ್ಷ ದೊಡ್ಡವಳಾದ ಅಕ್ಕ. ಅವಳೊಂದಿಗೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಅಮ್ಮ ತೀರಿಕೊಂಡ ವಾರದಲ್ಲೇ, ಬೈಂಡರಮ್ಮ ಕೆಲಸಕ್ಕೆ ಹೋಗಿದ್ದಾಗ, ಅಕ್ಕ ಕಪಾಟು ಬರಿದು ಮಾಡಿ ಬಟ್ಟೆಬರೆಯನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟಿದ್ದಳು. ಮೂಸಿ ನೋಡಲು ಅಮ್ಮನ ಶಾಲೂ ಉಳಿದಿರಲಿಲ್ಲ.

ಊಟದ ಬಿಡುವಿನಲ್ಲಿ, ಕತ್ತರಿಸಿದ ಕಾಗದದ ರಾಶಿಯ ಪಕ್ಕ ನಿಂತು ನಂಬರು ಒತ್ತಿದಳು. ವಿಷಯವೆಲ್ಲ ಒಂದೇ ಉಸಿರಿಗೆ ಹೇಳಿದಳು.

ಅಕ್ಕ, “ಕಂಡೋರ ಜೊತೆ ಜಗಳ ಆಡೋಕಾದ್ರೂ ನನ್ನ ನೆನಪಾಯ್ತಲ್ಲ. ಭಾನುವಾರ ತಗೊಂಡು ಬಾ,” ಎಂದಳು.

ಭಾನುವಾರ ಅಕ್ಕನ ಅಡುಗೆಮನೆಯ ಮೇಜಿನ ಮೇಲೆ ಡಬ್ಬಿ ಇಟ್ಟು, “ಮೂಸಿ ಹೇಳು. ಅವನಿಗೆ ನೀನೇ ಫೋನು ಮಾಡ್ಬೇಕು,” ಎಂದಳು ತಂಗಿ.

ಅಕ್ಕ ಒಂದು ಚಿಟಿಕೆ ಅಂಗೈಗೆ ಉದುರಿಸಿಕೊಂಡು ಮೂಗಿಗೆ ಹಿಡಿದಳು. ಹಿಡಿದ ಕೈ ಹಾಗೇ ನಿಂತಿತು. ಕಣ್ಣು ತುಂಬಿ ಬಂತು.

“ಇದು ಅದೇ ಕಣೇ.”

“ಏನು ಮಾತಂತ ಆಡ್ತೀಯಕ್ಕಾ?”

“ಆಣೆಗೂ ಅದೇ. ನಿನಗೆ ಮೂರು ವರ್ಷ ಆದಾಗ ಇದು ಸಿಗೋದು ನಿಂತುಹೋಯ್ತು. ಅಮ್ಮ ಡಬ್ಬಿ ಬಿಸಾಕಲಿಲ್ಲ. ಮೂಲೆ ಅಂಗಡಿಯಿಂದ ಬಿಡಿ ಪೌಡರ್ ತಂದು ಅದಕ್ಕೇ ತುಂಬಿಸ್ತಿದ್ಲು. ನಿನಗೆ ಗೊತ್ತಿರೋದು ಅದು. ನನ್ನ ಕೈ ಹಿಡ್ಕೊಂಡು ಶಾಲೆಗೆ ಕರ್ಕೊಂಡು ಹೋಗ್ತಿದ್ದ ಅಮ್ಮ... ಇದು.”

“ಆ ಅಂಗಡಿ ಈಗ್ಲೂ ಇದೆಯಾ?” ಎಂದು ಕೇಳಿದಳು ತಂಗಿ.

“ಅಂಗಡಿಯವರು ಬಿಟ್ಟುಹೋಗಿ ಯಾವ ಕಾಲ ಆಯ್ತೋ. ಆ ಪೌಡರಿಗೆ ಹೆಸರೂ ಇರ್ಲಿಲ್ಲ. ಪೊಟ್ಟಣ ಕಟ್ಟಿ ಕೊಡೋರು.”

ಹುಡುಕಲು ಹೆಸರೇ ಇಲ್ಲದ ಪೌಡರು. ತಂಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಅಮ್ಮನ ಬಟ್ಟೆ, ಆ ಶಾಲು ನನಗೆ ನೋಡೋಕಾಗ್ತಿರ್ಲಿಲ್ಲ, ಅದಕ್ಕೇ ಕೊಟ್ಟುಬಿಟ್ಟೆ. ನಿನ್ನ ಕೇಳಬೇಕು ಅನ್ನೋದೂ ಹೊಳೀಲಿಲ್ಲ. ತಪ್ಪಾಯ್ತು,” ಎಂದಳು.

ತಂಗಿ ಫೋನು ತೆಗೆದು ವಾಪಸಾತಿಯ ಅರ್ಜಿಯನ್ನು ರದ್ದು ಮಾಡಿದಳು. ಡಬ್ಬಿಯನ್ನು ಅಕ್ಕನತ್ತ ಸರಿಸಿದಳು. “ಇಟ್ಕೋ. ನಿಂದೇ ಇದು.”

ಸಂಜೆ ಅಕ್ಕ ಆ ಪೌಡರು ಹಚ್ಚಿಕೊಂಡು ಬಸ್ ನಿಲ್ದಾಣದವರೆಗೂ ಬಂದಳು. ದಾರಿಯುದ್ದಕ್ಕೂ ತಂಗಿ ಆ ಬಿಡಿ ಪೌಡರಿನ ಬಗ್ಗೆಯೇ ಕೇಳಿದಳು: ಯಾವ ಬಣ್ಣವಿತ್ತು, ಯಾವ ಕಾಗದದಲ್ಲಿ ಕಟ್ಟುತ್ತಿದ್ದರು. ಅಕ್ಕ ನೆನಪಿದ್ದಷ್ಟು ಹೇಳಿದಳು, ಇಲ್ಲದ್ದನ್ನು ಇಲ್ಲವೆಂದಳು. ಬಸ್ಸು ಬಂದಾಗ ಅಕ್ಕ ಅವಳನ್ನು ತಬ್ಬಿಕೊಂಡಳು. ಅಕ್ಕನ ಕುತ್ತಿಗೆಯಲ್ಲಿ ಆ ಹೂವಿನ ಘಾಟು, ಬೆವರು, ಒಗ್ಗರಣೆಯ ಹೊಗೆ. ಅಮ್ಮ ಅಲ್ಲಿರಲಿಲ್ಲ. ಕಂಡಕ್ಟರ್ ಎರಡು ಸಲ ಕೂಗಿದರೂ ತಂಗಿ ಮುಖ ಎತ್ತಲಿಲ್ಲ.