ಅತೀಕ್ ಓಣಿ

“ಏ ಬರ್ಕಾ, ಗ್ವಾಡಿಗೆ ಸುಣ್ಣ ಹಚ್ಚಾಕ ಬಂದೀಯೋ, ಮುದ್ದು ಮಾಡಾಕ ಬಂದೀಯೋ? ಬೋರ್ಡು ಬಡಿಯಾವ್ರು ಬಂದ್ರು. ಕೈ ಆಡಿಸ, ಕರೇ ರಂಡೆ!”

ಹಾಜಿ ಗರ್ಸಾಲ ಕುರ್ಚಿಯಿಂದಲೇ ಕೂಗಿದ. ಬರ್ಕಾ ಕುಂಚವನ್ನು ಮತ್ತೆ ಸುಣ್ಣದಲ್ಲಿ ಅದ್ದಿದಳು. ಜೆರ್ಬಾ ದ್ವೀಪದ ಆ ಓಣಿಯ ಹದಿನಾಲ್ಕು ಮನೆಗಳ ನೆಲದ ಕಾಗದವೂ ಅವನ ಪೆಟ್ಟಿಗೆಯಲ್ಲಿತ್ತು. ಮನೆಯೊಳಗಿನ ಕರಿಯ ಜನರೂ ತನ್ನ ಸೊತ್ತೇ ಎಂಬ ಠೇಂಕಾರ ಅವನಿಗೆ ಅಜ್ಜಂದಿರಿಂದ ಬಂದದ್ದು.

ಪುರಸಭೆಯ ಗುಮಾಸ್ತ ಹೊಸ ಫಲಕ ಎತ್ತಿ ಹಿಡಿದ: ‘ಅತೀಕ್ ಓಣಿ’. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಪುರಾತನ ಓಣಿ ಎಂದರ್ಥ. ಗರ್ಸಾಲ ಮನೆತನ ಕಟ್ಟಿಸಿದ್ದು.’

“ಪ್ರವಾಸಿಗರು ಓದಾಕ ಹಾಕಿಸೀವಿ. ಇದ ಖರೇ ಅಂತ ಓಣಿ ಹಿರೇರೊಬ್ಬರು ಹೆಬ್ಬಟ್ಟು ಒತ್ತಬೇಕು. ನೀನ ಹಿರೇಕಿ ಅಂತಲ್ಲ?”

“ಅರ್ಥ ತಪ್ಪೈತ್ರಿ ಸಾಹೇಬ್ರ.”

“ಅತೀಕ್ ಅಂದ್ರ ಹಳೇದು. ಸಾಲಿ ಹುಡುಗರಿಗೂ ಗೊತ್ತೈತಿ.”

“ಹಳೇದು ಅಂತಾನೂ ಐತಿ, ಬಿಡುಗಡಿ ಮಾಡಿದ ಗುಲಾಮ ಅಂತಾನೂ ಐತಿ. ನಮ್ಮಜ್ಜಿ ಅಜ್ಜಿ, ಸಾದಾ ಅಂತ ಅಕಿ ಹೆಸರು, ಇವರ ಮನಿ ಗುಲಾಮ ಆಳು. ಗುಲಾಮರನ್ನ ಇಟ್ಕೋಬಾರದು ಅಂತ ಕಾಯ್ದೆ ಬಂತು, ಬಿಡಬೇಕಾತು. ಒಲಿ ಮುಂದಿಂದ ಎಳಕೊಂಡು ಬಂದು ಈ ಉಪ್ಪಿನ ನೆಲದಾಗ ಒಗದು ಹೋದ್ರು. ತಲಿ ಮ್ಯಾಲ ಕಲ್ಲು ಹೊತ್ತು ಗ್ವಾಡಿ ಎಬ್ಬಿಸಿದಾಕಿ ಅಕಿ. ‘ಅತೀಕರ ಓಣಿ’ ಅಂತ ಇವರು ಮೂಗು ಮುರದು ಮುರದು ಹೆಸರಾತು.”

ಹಾಜಿ ತೊಡೆ ತಟ್ಟಿ ನಕ್ಕ. “ಕೇಳ್ರಿ, ಕತ್ತೆ ಚರಿತ್ರೆ ಹೇಳಾಕತ್ತೈತಿ!”

ಬರ್ಕಾ ಎದೆಯ ಬಟ್ಟೆಯೊಳಗಿಂದ ತನ್ನ ಗುರುತಿನ ಚೀಟಿ ತೆಗೆದು ಕೊಟ್ಟಳು. ಗುಮಾಸ್ತ ಓದಿದ, “ಬರ್ಕಾ, ಅತೀಕ್ ಗರ್ಸಾಲ.”

“ಸರಿ ಐತಲ್ಲ, ನೀ ಮುದುಕಿ,” ಎಂದ ಹಾಜಿ.

ಬರ್ಕಾಳ ಸೊಸೆ ಖದ್ದೂಜ ಕೂಸನ್ನೆತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಬೆಳಿಗ್ಗೆಯಷ್ಟೇ ಬಂದಿದ್ದ ಜನನ ಪತ್ರವನ್ನು ಬರ್ಕಾ ಅವಳ ಹೆಗಲ ಬಟ್ಟೆಯ ಗಂಟಿನಿಂದ ಬಿಚ್ಚಿ ತಂದಳು. “ನನ್ನ ಮೊಮ್ಮಗಳದೂ ಓದ್ರಿ.”

“ಫರ್ಹಾ, ಅತೀಕ್ ಗರ್ಸಾಲ.”

“ಎಂಟು ದಿನದ ಕೂಸ್ರಿ. ಹೊಕ್ಕಳ ಸೈತ ಒಣಗಿಲ್ಲ. ಇದೂ ಹಳೇದೇನ್ರಿ?”

ಗುಮಾಸ್ತ ಫಲಕವನ್ನು ಮೊಣಕಾಲಿಗೆ ಒರಗಿಸಿಕೊಂಡು ಕಾಗದವನ್ನೇ ನೋಡುತ್ತಾ ನಿಂತ. ಹಾಜಿ ಕುರ್ಚಿಯಿಂದೆದ್ದ.

“ಹೆಬ್ಬಟ್ಟು ಒತ್ತು. ಇಲ್ಲಾಂದ್ರ ಇವತ್ತ ಮನಿ ಖಾಲಿ ಮಾಡ. ಬಿಡುಗಡಿ ಅಂದ್ರ ನಿಮಗ ಭಾಳ ಪ್ರೀತಿ ಅಲ್ಲ? ಹಂಗಾರ ಬಿಡುಗಡಿ ಆಗ್ರಿ.”

“ಒತ್ತೂದಿಲ್ಲ.”

“ಮನಿಯಾಗಿನವರು ಯಾರು ಒತ್ತಿದ್ರೂ ನಡೀತೈತಿ,” ಗುಮಾಸ್ತ ಮೆಲ್ಲಗೆ ಹೇಳಿದ.

ಖದ್ದೂಜ ಹೊಸ್ತಿಲು ದಾಟಿ ಬಂದಳು. “ಅತ್ತೀ, ನನ್ನ ಮೈ ಇನ್ನೂ ಹಸಿ ಐತಿ. ಇದನ್ನ ಕಟ್ಟಿಕೊಂಡು ಎಲ್ಲಿ ಮಲಗಲಿ?”

 

ಗುಮಾಸ್ತ ಮಸಿಯ ಡಬ್ಬಿಯ ಮುಚ್ಚಳ ತೆಗೆದ. ಖದ್ದೂಜಳ ಎರಡೂ ಕೈ ಕೂಸಿನ ಕೆಳಗಿದ್ದವು. ಒಂದನ್ನು ಬಿಡಿಸಿಕೊಳ್ಳಲು ಹೋದಳು. ಕೂಸಿನ ಕತ್ತು ವಾಲಿತು.

ಬರ್ಕಾ ಹೊದ್ದ ಬಟ್ಟೆಗೆ ಕೈ ಒರೆಸಿಕೊಂಡಳು. ಸುಣ್ಣ ಎಳೆಯ ಮೈ ಸುಟ್ಟೀತೆಂದು ಒಂದೊಂದೇ ಬೆರಳು, ಉಗುರುಸಂದಿ ಕೂಡ ಒರೆಸಿಕೊಂಡಳು. ಆಮೇಲೆ ಮುಂದೆ ಬಂದು, ಸೊಸೆಯ ಕೈ ಖಾಲಿಯಾಗಲೆಂದು, ಕೂಸನ್ನು ತಾನೇ ಎತ್ತಿಕೊಂಡಳು.