ಅ. ಕೋ.

ನಾನು ಒಂದು ಕಚ್ಚಾ ನಕ್ಷೆ. ಮನೆ ಕಟ್ಟುವವರು ಮೊದಲು ಬರೆಸುತ್ತಾರೆ, ಆಮೇಲೆ ಓಣಿಗೆಲ್ಲ ತೋರಿಸುತ್ತಾರೆ, ಕೊನೆಗೆ ಸುತ್ತಿ ಮೂಲೆಗೆ ಎಸೆಯುತ್ತಾರಲ್ಲ, ಆ ಜಾತಿಯ ಹಾಳೆ. ಗದಗಿನ ಒಂದು ಮಾಳಿಗೆ ಆಫೀಸಿನಲ್ಲಿ, ಇಂಜಿನಿಯರ್ ಗುರುಸಿದ್ದಯ್ಯನವರ ಮೇಜಿನ ಮೇಲೆ, ಎರಡು ಕಪ್ ಚಹಾ ಮುಗಿಯುವಷ್ಟರಲ್ಲಿ ನಾನು ಹುಟ್ಟಿದೆ. ನನ್ನ ಒಂದು ಮೂಲೆಯಲ್ಲಿರುವ ಕಂದು ಉಂಗುರ ಆ ಎರಡನೆಯ ಕಪ್ಪಿನ ಗುರುತು. ಅದನ್ನು ನೋಡಿದವರು ಮೊದಲು ಬಾವಿ ಎಂದುಕೊಳ್ಳುತ್ತಿದ್ದರು.

ನನ್ನನ್ನು ಬರೆಸಿದವರು ಫಕ್ಕೀರೇಶ ಮಾಸ್ತರರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರು. ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನು ಸದಾ ಇರಬೇಕು. ಯಾರಾದರೂ ಲಗ್ನಪತ್ರಿಕೆ ತಂದುಕೊಟ್ಟರೆ ಮುಹೂರ್ತಕ್ಕಿಂತ ಮೊದಲು ಕಾಗುಣಿತ ನೋಡಿ, ಕೊಟ್ಟವರ ಎದುರಿಗೇ ಗೀರು ಹಾಕುತ್ತಿದ್ದರು. ಕಣ್ಣಿಗೆ ಬಿದ್ದ ತಪ್ಪನ್ನು ತಿದ್ದದೆ ಬಿಟ್ಟವರಲ್ಲ ಅವರು. ಒಂದೇ ಒಂದನ್ನು ಬಿಟ್ಟರು. ಆ ಒಂದು ತಪ್ಪಿನಲ್ಲಿ ನನ್ನ ಪಾಲೂ ಇದೆ.

ಅಂದು ಇಂಜಿನಿಯರ್ ಸ್ಕೇಲು ಹಿಡಿಯುವ ಮೊದಲೇ ಮಾಸ್ತರರು ಹೇಳಿದರು: "ಎಲ್ಲಾಕ್ಕಿಂತ ಮೊದಲ ನಮ್ಮಕ್ಕಗ ಒಂದು ಖೋಲಿ ಹಾಕ್ರಿ ಸರ್. ಆಮ್ಯಾಲೆ ಉಳದದ್ದು. ಆಕಿ ರೊಟ್ಟಿ ಬಡದು ನನ್ನ ಓದ್ಸ್ಯಾಳ."

ಅದು ನಾಟಕವಲ್ಲ, ನಾನು ಎದುರಿಗೇ ಇದ್ದೆ. ಆ ದಿನ ಅವರು ಆಡಿದ್ದು ಒಳಗಿನ ಮಾತೇ.

ಗುರುಸಿದ್ದಯ್ಯನವರು ಮನೆಯ ಮುಂಭಾಗದಲ್ಲಿ, ಬೆಂಕಿಗೆ ಸಲ್ಲುವ ಆಗ್ನೇಯ ಮೂಲೆಯಲ್ಲಿ, ಆ ಕೋಣೆಯನ್ನೇ ಮೊದಲು ಗೆರೆ ಎಳೆದು ಕೂರಿಸಿದರು. ಮೂಡಣಕ್ಕೆ ಒಂದು ಕಿಟಕಿ. ರೊಟ್ಟಿ ಒಯ್ಯಲು ಬರುವವರು ಮನೆಯೊಳಗೆಲ್ಲ ಹಾದು ಹೋಗಬಾರದೆಂದು ಬೀದಿಗೇ ಒಂದು ಬಾಗಿಲು, ಮನೆಯೊಳಕ್ಕೆ ಇನ್ನೊಂದು. ನಕ್ಷೆಯಲ್ಲಿ ಬಾಗಿಲು ತೆರೆಯುವ ದಿಕ್ಕು ತೋರಿಸಲು ಒಂದು ಬಾಗಿದ ಗೆರೆ ಎಳೆಯುತ್ತಾರೆ. ಚಿಕ್ಕ ಕೋಣೆ, ಎರಡು ಬಾಗಿಲು, ಎರಡು ಬಾಗಿದ ಗೆರೆ. ಹೆಸರು ಬರೆಯಲು ಜಾಗವೇ ಉಳಿಯಲಿಲ್ಲ. "ಅಕ್ಕನ ಕೋಣೆ" ಎಂದು ಬರೆಯಲು ಹೋದ ಪೆನ್ಸಿಲು ತಡೆದು, "ಅ. ಕೋ." ಎಂದು ಬರೆದು ಮುಂದೆ ಹೋಯಿತು.

ನಾನು ಇನ್ನೊಂದು ಬೆರಳು ಅಗಲವಿದ್ದಿದ್ದರೆ! ಈಗಲೂ ಅದೇ ನನ್ನನ್ನು ಕಾಡುತ್ತದೆ.

ಆ ಅಕ್ಕ, ನೀಲವ್ವ, ಲಗ್ನವಾಗಿ ವರ್ಷ ತುಂಬುವುದರೊಳಗೆ ಗಂಡ ದುಡಿಯಲು ಹೋದವನು ತಿರುಗಿ ಬಾರದೆ ತವರಿಗೆ ಬಂದವಳು. ತಾಳಿ ಕೊರಳಲ್ಲಿ ಉಳಿದಿತ್ತು, ತಾಯಿ ಇಲ್ಲದ ತಮ್ಮ ಮಡಿಲಿಗೆ ಬಿದ್ದಿದ್ದ. ಬಾಡಿಗೆಯ ಎರಡು ಕೋಣೆಯ ಮನೆಯಲ್ಲಿ ಒಲೆ ಹೂಡಿ, ಊರ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಅವನನ್ನು ಮಾಸ್ತರನನ್ನಾಗಿ ಮಾಡಿದಳು. ಅವನು ಶಾಲೆಯಿಂದ ಬಂದು ಪರಾತವೆಂಬ ಅಗಲ ತಟ್ಟೆಯ ಹಿಟ್ಟಿನಲ್ಲಿ ಬೆರಳಾಡಿಸಿ ಅವಳಿಗೆ ಅಕ್ಷರ ಕಲಿಸುತ್ತಿದ್ದನಂತೆ. ಬರೆದ ಅಕ್ಷರವನ್ನೇ ಕಲಸಿ ರೊಟ್ಟಿ ಬಡಿಯುತ್ತಿದ್ದೆ ಎಂದು ಅವಳು ನಗುತ್ತಿದ್ದಳು. ಅದೆಲ್ಲ ಹಳೆಯ ಮಾತು, ಅವಳು ಓದುವುದನ್ನು ಯಾರೂ ಎಂದೂ ನೋಡಿರಲಿಲ್ಲ.

ಮಾಸ್ತರರು ನನ್ನನ್ನು ಮನೆಗೆ ತಂದು ಅವಳ ಮುಂದೆ ಹಾಸಿದರು. ಅವಳು ಹಿಟ್ಟಿನ ಕೈ ಒರೆಸಿಕೊಂಡು ನನ್ನನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿದಳು.

"ಏನೋ ಇದು, ಮನಿ ತುಂಬ ಮಡಚಿದ ರೊಟ್ಟಿ ಇಟ್ಟಾರಲ್ಲೋ?"

"ಅವು ಬಾಗಲಕ್ಕ. ಹಿಂಗ ತೆರೀತಾವ ಅಂತ ತೋರ್ಸಾಕ ಹಾಕ್ಯಾರ."

"ನನ್ನ ಖೋಲ್ಯಾಗ ಎರಡು ರೊಟ್ಟಿ ಅದಾವ ನೋಡು. ಉಪವಾಸಂತೂ ಇಡಂಗಿಲ್ಲ ನೀ."

ಮಾಸ್ತರರ ಹೆಂಡತಿ ಅನಸೂಯಾ ಕೂಡ ನಕ್ಕಳು. ಒಳ್ಳೆಯ ಹೆಣ್ಣುಮಗಳು. ಈ ಕಥೆಯಲ್ಲಿ ಅವಳನ್ನು ಬೈಯಲು ಕಾರಣ ಹುಡುಕಿದವರಿಗೆ ನಿರಾಸೆಯಾಗುತ್ತದೆ.

ಆಮೇಲೆ ನನ್ನ ಪರೀಕ್ಷೆ ಶುರುವಾಯಿತು. ಬಂದ ನೆಂಟರು, ಶಾಲೆಯ ಮಾಸ್ತರರು, ಹಾಲಿನವನು, ಎಲ್ಲರೂ ನನ್ನನ್ನು ಬಿಡಿಸಿ ನೋಡಿ ಒಂದೊಂದು ತಪ್ಪು ತೆಗೆದರು. ದೇವರ ಕೋಣೆ ಈಶಾನ್ಯದಲ್ಲಿಲ್ಲ. ಬಚ್ಚಲಿನ ಮುಖ ಸರಿಯಿಲ್ಲ. ಮೆಟ್ಟಿಲು ಒಳಗೆ ಬೇಡ, ಹೊರಗೆ ಬೇಡ. ಎಲ್ಲರೂ ನನ್ನ ಮೇಲೆ ಬಗ್ಗಿ ಬೆರಳಿಟ್ಟು ಮಾತಾಡಿದವರೇ, ನನ್ನೊಳಗೆ ಹೊಕ್ಕು ನೋಡಿದವಳು ನೀಲವ್ವ ಒಬ್ಬಳೇ.

ಅದು ಹೀಗಾಯಿತು. ಒಂದು ಭಾನುವಾರ ಇಂಜಿನಿಯರ್ ಖಾಲಿ ಸೈಟಿನಲ್ಲಿ ಸುಣ್ಣದ ಪುಡಿ ಉದುರಿಸಿ ನನ್ನ ಗೆರೆಗಳನ್ನೆಲ್ಲ ನೆಲದ ಮೇಲೆ ಮೂಡಿಸಿದರು. ಅನಸೂಯಾ ಗೆರೆಗಳಾಚೆ ನಿಂತು ಸೋಫಾ ಎಲ್ಲಿ, ಟೀವಿ ಎಲ್ಲಿ ಎಂದು ಕೇಳುತ್ತಿದ್ದಳು. ನೀಲವ್ವ ಚಪ್ಪಲಿ ಬಿಟ್ಟು, ಇಲ್ಲದ ಬಾಗಿಲಿನಿಂದಲೇ ತನ್ನ ಕೋಣೆಗೆ ಹೋಗಿ ನೆಲದ ಮೇಲೆ ಕೂತಳು.

"ಇಲ್ಲಿ ಒಲಿ. ಇಲ್ಲಿ ಹಿಟ್ಟಿನ ಪರಾತ. ಇಲ್ಲಿ ನಾನು."

ಹೇಳಿ, ಬರಿಯ ಮಣ್ಣಿನ ಮೇಲೆ ಎರಡೂ ಅಂಗೈಯಿಂದ ಪಟಪಟ ರೊಟ್ಟಿ ಬಡಿಯತೊಡಗಿದಳು. ರೊಟ್ಟಿ ತಿರುಗಿಸುವಾಗ ಬಲ ಮೊಣಕೈ ಸುಣ್ಣದ ಗೆರೆ ದಾಟಿತು. ಅವಳು ತಟ್ಟನೆ ನಿಲ್ಲಿಸಿದಳು.

"ಸಾಹೇಬ್ರ, ನಿಮ್ಮ ಗ್ವಾಡಿ ನನ್ನ ಮೊಣಕೈಗೆ ಬಡೀತೈತ್ರಿ. ಒಂದು ಗೇಣು ಆ ಕಡೆ ಸರಸ್ರಿ."

ಇಂಜಿನಿಯರ್ ನಗುತ್ತ ನನ್ನನ್ನು ತೊಡೆಯ ಮೇಲೆ ಹಾಸಿಕೊಂಡು ಗೆರೆ ಅಳಿಸಿದರು, ಗೇಣು ಸರಿಸಿ ಬರೆದರು. ಪಡಸಾಲೆ ಅಷ್ಟು ಕಿರಿದಾಯಿತು. ನೀಲವ್ವ ಮತ್ತೊಮ್ಮೆ ಬಡಿದು ನೋಡಿ, ಸಾಕು ಎಂದು ತಲೆಯಾಡಿಸಿದಳು. ಆಮೇಲೂ ಬೇಗ ಏಳಲಿಲ್ಲ. ಕಿಟಕಿ ಬರಬೇಕಾದ ಕಡೆ ಮುಖ ಮಾಡಿ ಕೂತೇ ಇದ್ದಳು. ಬೇರೆಯವರ ಮನೆಗಳಲ್ಲೇ ಜನ್ಮ ಸವೆಸಿದ ಹೆಂಗಸು ತನಗಾಗಿ ಕೇಳಿದ್ದು ಆ ಒಂದು ಗೇಣು ಮಾತ್ರ. ಅದನ್ನು ಕೊಟ್ಟೆನೆಂದು ನಾನು ಬೀಗಿದೆ.

ಇಷ್ಟೆಲ್ಲ ತಿದ್ದುಪಡಿಯಾದ ಮೇಲೆ ನನ್ನನ್ನು ಕಂಪ್ಯೂಟರಿನಲ್ಲಿ ಚೊಕ್ಕವಾಗಿ ತೆಗೆಯಲು ಆಫೀಸಿನ ಹುಡುಗಿಯ ಕೈಗೆ ಕೊಟ್ಟರು. ಅವಳು ದೇ. ಮ. ಎಂದಿದ್ದನ್ನು ದೇವರ ಮನೆ ಎಂದು ಬಿಡಿಸಿದಳು. ಅ. ಮ. ಎಂದಿದ್ದನ್ನು ಅಡುಗೆ ಮನೆ ಎಂದಳು. ಅ. ಕೋ. ಬಂದಾಗ ಒಂದು ಕ್ಷಣ ಯೋಚಿಸಿ "ಅತಿಥಿ ಕೋಣೆ" ಎಂದು ಒತ್ತಿದಳು. ಬಾಗಿಲು ಬೀದಿಗಿದೆ, ಮನೆಯ ಮುಂಭಾಗದಲ್ಲಿದೆ, ಇನ್ನೇನಿದ್ದೀತು? ಅವಳದು ತಪ್ಪಲ್ಲ. ನನಗೆ ಬಾಯಿ ಇರಲಿಲ್ಲ.

ಹೊಸ ಹಾಳೆ ಬಂದ ದಿನ ಅನಸೂಯಾಳ ತಂದೆ ಶಿವಪುತ್ರಪ್ಪನವರೂ ಬಂದಿದ್ದರು. ತಮ್ಮ ಹಳೆಯ ಕಾರನ್ನು ಅಳಿಯನಿಗೆ ಕೊಡುವುದೆಂದು ಮಾತಾಗಿತ್ತು. ಹೊಸ ಹಾಳೆಯನ್ನು ನನ್ನ ಮೇಲೆಯೇ ಹಾಸಿದರು. ನಾನು ಅದರ ಕೆಳಗಿನಿಂದ ಎಲ್ಲ ಕೇಳಿಸಿಕೊಂಡೆ.

"ಅತಿಥಿ ಕೋಣಿ ಯಾಕ ಬೇಕ್ರಿ?" ಎಂದರು ಶಿವಪುತ್ರಪ್ಪ. "ಬಂದವ್ರು ಪಡಸಾಲ್ಯಾಗ ಮಲಗ್ತಾರ, ಮುಂಜಾನೆದ್ದು ಹೋಗ್ತಾರ. ಅದನ್ನ ತಗದು ಗಾಡಿ ನಿಲ್ಸಾಕ ಜಾಗಾ ಮಾಡ್ರಿ."

ಮಾಸ್ತರರ ಕೈ ಜೇಬಿಗೆ ಹೋಯಿತು. ಕೆಂಪು ಪೆನ್ನಿನ ಟೊಪ್ಪಿಗೆ ತೆರೆದ ಸಪ್ಪಳ ಕೇಳಿಸಿತು. ಈಗ ತಿದ್ದುತ್ತಾರೆ, ಒಂದೇ ಗೀರು, ಮೇಲೆ ಎರಡು ಅಕ್ಷರ, ಮುಗಿಯಿತು ಎಂದು ನಾನು ಕಾದೆ. ಅವರು ಮಾವನ ಮುಖ ನೋಡಿರಬೇಕು. ಹೊರಗೆ ನಿಲ್ಲಬೇಕಾದ ಕಾರು ಕಣ್ಣಿಗೆ ಬಂದಿರಬೇಕು. ಆಮೇಲೆ ಇಂಜಿನಿಯರಿಗೆ ಹೇಳಿದರಾಯಿತು, ಎಲ್ಲಾದರೂ ಬೇರೆ ಕಡೆ ಕೂರಿಸಿದರಾಯಿತು ಎಂದುಕೊಂಡಿರಬೇಕು. ಟೊಪ್ಪಿಗೆ ಮತ್ತೆ ಟಕ್ ಎಂದು ಮುಚ್ಚಿತು. ಆಮೇಲೆ ಎಂಬುದು ಬರಲಿಲ್ಲ.

ನೀಲವ್ವ ಚಹಾ ತಂದಿಟ್ಟವಳು ಅಲ್ಲೇ ಕೂತಿದ್ದಳು. ಅವಳ ತೋರುಬೆರಳು ಹೊಸ ಹಾಳೆಯ ಮೇಲೆ ಮೆಲ್ಲಗೆ ಸರಿದದ್ದು ಕೆಳಗಿದ್ದ ನನಗೆ ತಿಳಿಯಿತು. ಒಂದು ಅಕ್ಷರ, ತಡೆ. ಮತ್ತೊಂದು, ತಡೆ. ಮೂರನೆಯದರ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಉಳಿದವರು ಮೆಟ್ಟಿಲಿನ ಮಾತಿನಲ್ಲಿದ್ದರು.

"ಛಲೋ ಆತು ಬಿಡ್ರಿ," ಎಂದಳು ಕೊನೆಗೆ. "ಗಾಡಿ ಬಿಸಲಿಗೆ ನಿಲ್ಲಬಾರದು."

ನಾನು ರದ್ದಿಯಾದೆ. ಎಸೆಯುವ ಮುಂಚೆ ನೀಲವ್ವ "ಈ ಹಾಳಿ ನಿನಗ ಬೇಕೇನೋ?" ಎಂದು ತಮ್ಮನನ್ನು ಕೇಳಿ, ನನ್ನನ್ನು ರೊಟ್ಟಿ ಬುಟ್ಟಿಯ ತಳಕ್ಕೆ ಹಾಸಿಕೊಂಡಳು. ಮೇಲೊಂದು ಬಿಳಿ ಬಟ್ಟೆ, ಅದರ ಮೇಲೆ ರೊಟ್ಟಿ. ಅಲ್ಲಿಂದ ಮುಂದೆ ನಾನು ಲೋಕವನ್ನು ಬಿದಿರಿನ ಸಂದಿಯಿಂದ ನೋಡಿದೆ.

ವರ್ಷದ ಮೇಲೆ ಗೃಹಪ್ರವೇಶವಾಯಿತು. ಊಟಕ್ಕೆ ಖಡಕ್ ರೊಟ್ಟಿ ಬೇಕೆಂದು ನೀಲವ್ವನಿಗೇ ಹೇಳಿದ್ದರು. ಬುಟ್ಟಿಯ ಜೊತೆಗೆ ನಾನೂ ಹೋದೆ. ಯಾವ ಮನೆಗೆ ನಾನೇ ಮೂಲವೋ ಆ ಮನೆಯನ್ನು ಅಂದು ಮೊದಲ ಸಲ ಕಂಡೆ. ಆಗ್ನೇಯ ಮೂಲೆಯಲ್ಲಿ ಕಿಟಕಿಯಿರಲಿಲ್ಲ. ಹೂವಿನ ಮಾಲೆ ಹಾಕಿಕೊಂಡು ಕಾರು ನಿಂತಿತ್ತು. ಬುಟ್ಟಿಯನ್ನು ಅದರ ಪಕ್ಕದಲ್ಲೇ ಇಳಿಸಿದರು.

ಊಟವಾದ ಮೇಲೆ ಅನಸೂಯಾ ನೀಲವ್ವನನ್ನು ಮಣೆಯ ಮೇಲೆ ಕೂರಿಸಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಇಳಕಲ್ ಸೀರೆ, ಕುಪ್ಪಸದ ಖಣ. ಉಡಿ ತುಂಬಿದಳು. ಬಂದು ಹೋಗುವ ಹೆಣ್ಣುಮಕ್ಕಳಿಗೆ ಮಾಡುವ ಮರ್ಯಾದೆ ಅದು. ಮನೆಯವಳನ್ನು ಯಾರೂ ಉಡಿ ತುಂಬಿ ಕಳಿಸುವುದಿಲ್ಲ. ತುಂಬುತ್ತ ಅನಸೂಯಾಳ ಕಣ್ಣು ಒದ್ದೆಯಾದವು.

"ಒಲಿ ಬಿಟ್ಟು ಬರಂಗಿಲ್ಲ ಅಂತ ನೀವ ಒಲ್ಲೆ ಅಂದ್ರಂತ, ಇವರು ಹೇಳಿದ್ರು. ಇಲ್ಲಾಂದ್ರ ನಾ ಬಿಡ್ತಿದ್ನೇನ್ರಿ ಅಕ್ಕಾರ?"

ನೀಲವ್ವ ತಲೆಯೆತ್ತಿ ತಮ್ಮನನ್ನು ನೋಡಿದಳು. ಮಾಸ್ತರರು ತೋರಣದ ಎಲೆ ಸರಿಪಡಿಸುವುದರಲ್ಲಿ ಮುಳುಗಿದ್ದರು. ತೋರಣ ಸರಿಯಾಗಿಯೇ ಇತ್ತು.

"ಹೌದವಾ," ಎಂದಳು. "ನಾನ ಒಲ್ಲೆ ಅಂದಿದ್ದೆ."

ಉಡಿ ಹಿಡಿದುಕೊಂಡು, ಖಾಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು, "ಹೋಗಿ ಬರ್ತೇನಿ" ಎಂದು ಅವಳು ಬಾಡಿಗೆ ಮನೆಗೆ ಹೊರಟಳು. ಕಾರಿನಲ್ಲಿ ಬಿಡುತ್ತೇನೆಂದು ಮಾಸ್ತರರು ಹಿಂದೆ ಬಂದರು. ಬೇಡವೆಂದಳು. ದಾರಿಯುದ್ದಕ್ಕೂ ಉಡಿಯ ಅಕ್ಕಿಯ ಕಾಳು ಆಗೊಂದು ಈಗೊಂದು ಉದುರುತ್ತಿತ್ತು.

ಈಗ ನನಗೆ ವಯಸ್ಸಾಗಿದೆ. ಮಡಿಕೆಗಳಲ್ಲಿ ಹರಿದಿದ್ದೇನೆ. ಪಡಸಾಲೆ ಎಣ್ಣೆ ಕುಡಿದು ಹಳದಿಯಾಗಿದೆ, ದೇವರ ಮನೆಗೆ ತೂತು ಬಿದ್ದಿದೆ. ನೀಲವ್ವನ ಮುಂಗೈಯೂ ನಡುಗುತ್ತದೆ, ರೊಟ್ಟಿಗಳು ಮೊದಲಿನಷ್ಟು ದುಂಡಗಿರುವುದಿಲ್ಲ. ಹೋದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಮಾಸ್ತರರು ಬಂದರು. ನಿವೃತ್ತರಾಗಿದ್ದರೂ ಜೇಬಿನಲ್ಲಿ ಕೆಂಪು ಪೆನ್ನು ಇತ್ತು. ಒಲೆಯ ಪಕ್ಕದಲ್ಲಿ ಕೂತು, ಏನಾದರೂ ಮಾಡಬೇಕೆಂದು ಖಾಲಿ ಬುಟ್ಟಿಯ ಬಟ್ಟೆ ಸರಿಸಿದವರು ನನ್ನನ್ನು ಕಂಡರು.

ನೋಡಿದ ಕೂಡಲೆ ಗುರುತು ಹಿಡಿದರು. ನನ್ನನ್ನು ಮೊಣಕಾಲ ಮೇಲೆ ಹಾಸಿಕೊಂಡು ಆಗ್ನೇಯ ಮೂಲೆಯನ್ನೇ ನೋಡುತ್ತ ಕೂತರು. ಆಮೇಲೆ ಪೆನ್ನು ತೆಗೆದರು. "ಅ. ಕೋ." ಎಂಬುದರ ಮೇಲೆ ಗೀರು ಎಳೆದು, ಬಾಗಿಲುಗಳ ಗೆರೆಗಳ ಮೇಲೆಯೇ, ದುಂಡನೆಯ ಅಕ್ಷರದಲ್ಲಿ "ಅಕ್ಕನ ಕೋಣೆ" ಎಂದು ಬರೆದರು.

ನೀಲವ್ವ ಒಲೆಯ ಮುಂದಿನಿಂದಲೇ ಕತ್ತು ಚಾಚಿ ನೋಡಿ, ತಡವರಿಸದೆ ಓದಿದಳು. "ಅಕ್ಕನ ಕೋಣೆ."

ಮಾಸ್ತರರು ಬೆಚ್ಚಿದರು. "ನಿನಗ ಇನ್ನೂ ಓದಾಕ ಬರತೈತಾ ಅಕ್ಕ?"

"ನೀನ ಕಲಿಸಿದ್ದೆಲ್ಲೋ, ಹಿಟ್ಟಿನ್ಯಾಗ. ಹೊಟ್ಟ್ಯಾಗ ಚುಕ್ಕಿ ಇದ್ರ ಥ ಅಂತ." ರೊಟ್ಟಿ ತಿರುವಿ ಹಾಕಿದಳು. "ಅವತ್ತಿನ ಹೊಸಾ ಹಾಳಿನೂ ಓದಿದ್ದೆ. ನನ್ನ ಖೋಲ್ಯಾಗ ಬರದಿದ್ರಲ್ಲ, ಅದರ ಮೂರನೇ ಅಕ್ಷರದ ಹೊಟ್ಟ್ಯಾಗ ಚುಕ್ಕಿ ಇತ್ತು."

ಮಾಸ್ತರರ ಪೆನ್ನು ಕೈಯಿಂದ ಜಾರಿತು. ಅಕ್ಕನಿಗೆ ಏನು ತಿಳಿಯುತ್ತದೆ ಎಂಬ ಒಂದೇ ನೆವವನ್ನು ಹಿಡಿದುಕೊಂಡು ಅವರು ಇಷ್ಟು ವರ್ಷ ಆ ಮನೆಯಲ್ಲಿ ಬಾಳಿದ್ದರು.

"ಬಾ ಅಕ್ಕ, ಈಗರ ಬಾ," ಎಂದರು. "ಆ ಜಾಗಕ್ಕ ಗ್ವಾಡಿ ಕಟ್ಟಿಸ್ತೇನಿ. ನೀ ಹೇಳಿದಂಗ, ಒಂದು ಗೇಣು ಸರಿಸಿ ಕಟ್ಟಿಸ್ತೇನಿ."

"ಆ ಗೇಣು ರೊಟ್ಟಿ ಬಡಿಯೂ ಮೊಣಕೈಗೆ ಬೇಕಾಗಿತ್ತೋ ತಮ್ಮ," ಎಂದಳು ನೀಲವ್ವ, ಕೋಪವಿಲ್ಲದ ದನಿಯಲ್ಲಿ. "ಈಗ ಈ ಕೈ ಅಷ್ಟ ದೂರ ಹೋಗಂಗಿಲ್ಲ."

ನನ್ನನ್ನು ಅವರ ಮೊಣಕಾಲಿನಿಂದ ತೆಗೆದುಕೊಂಡು ಮತ್ತೆ ಬುಟ್ಟಿಯ ತಳಕ್ಕೆ ಹಾಸಿದಳು. ಬಟ್ಟೆ ಹಾಸುವುದನ್ನು ಮರೆತಳೋ, ಬೇಕೆಂದೇ ಬಿಟ್ಟಳೋ, ಬಿಸಿ ರೊಟ್ಟಿಯೊಂದನ್ನು ನಾಲ್ಕು ಮಡಿಕೆ ಮಡಚಿ ನೇರವಾಗಿ ನನ್ನ ಮೇಲಿಟ್ಟಳು. ಅದು ಅವಳ ಕೋಣೆಯ ಬಾಗಿಲಿನ ಮೇಲೆಯೇ ಬಂತು. ಬಿಸಿಗೆ ಕೆಂಪು ಶಾಯಿ ಸ್ವಲ್ಪ ಕದಡಿತು, ಆದರೂ ಓದಲು ಬರುತ್ತದೆ. ಆ ಕೋಣೆ ಈಗ ಇರುವುದು ನನ್ನಲ್ಲಿ ಮಾತ್ರ, ನಾನು ಹರಿಯುವವರೆಗೆ ಅವಳು ಅಲ್ಲಿ ಇರಬಹುದು.